ಕರಿದ ಮೀನಿನ ಶರ್ಕರಪಿಷ್ಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ ಮಧುಮೇಹವಿದೆ. ಶರ್ಕರಪಿಷ್ಟದ ಮೇಲೆ ಹಿಡಿತವಿರಲಿ ಎಂದು ವೈದ್ಯರು ಹೇಳಿದ್ದಾರೆ. ಒಂದು ಪೋಷಕಾಂಶಗಳ ಪಟ್ಟಿಯಲ್ಲಿ ಮೀನಿನ ಎದುರು ಸೊನ್ನೆ ಎಂದಿದೆ. ಇನ್ನೊಂದರಲ್ಲಿ ಕರಿದ ಮೀನಿಗೆ 100 ಗ್ರಾಂಗೆ 8 ಗ್ರಾಂ ಎಂದೂ ಮತ್ತೊಂದರಲ್ಲಿ 17 ಗ್ರಾಂ ಎಂದೂ ಇದೆ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಮೂರನ್ನೂ ನಂಬಬಹುದು, ಏಕೆಂದರೆ ಆ ಮೂರು ಅಂಕಿಗಳೂ ಒಂದೇ ಪದಾರ್ಥದವಲ್ಲ. ಸೊನ್ನೆ ಎಂಬುದು ಬರಿಯ ಮೀನಿನ ಮಾಂಸದ ಅಂಕಿ. ಉಳಿದ ಎರಡು ಆ ಮೀನಿಗೆ ಹೊರಗಿನಿಂದ ಮೆತ್ತಿದ ಹಿಟ್ಟಿನ ಅಂಕಿಗಳು. ಪಟ್ಟಿಯಲ್ಲಿ 'ಕರಿದ ಮೀನು' ಎಂದು ಚಿಕ್ಕದಾಗಿ ಬರೆದಿರುವುದರಿಂದ, ಶರ್ಕರಪಿಷ್ಟ ಮೀನಿನದೋ ಎಣ್ಣೆಯದೋ ಎಂಬ ಗೊಂದಲ ಹುಟ್ಟುತ್ತದೆ. ನಿಜದಲ್ಲಿ ಅದು ಎರಡರದ್ದೂ ಅಲ್ಲ.

ಮೀನಿನ ಮಾಂಸದಲ್ಲಿ ಶರ್ಕರಪಿಷ್ಟ ಏಕಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಗಿಡಗಳು ತಮ್ಮ ಶಕ್ತಿಯನ್ನು ಪಿಷ್ಟದ ರೂಪದಲ್ಲಿ ಕೂಡಿಡುತ್ತವೆ. ಪ್ರಾಣಿಗಳು ಗ್ಲೈಕೋಜನ್ ಎಂಬ, ಪಿಷ್ಟವನ್ನೇ ಹೋಲುವ ವಸ್ತುವನ್ನು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸ್ವಲ್ಪ ಸ್ವಲ್ಪ ಇಟ್ಟುಕೊಂಡಿರುತ್ತವೆ. ಬೆನ್ನುಮೂಳೆಯುಳ್ಳ ಮೀನುಗಳ ಸ್ನಾಯುವಿನಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಶೇಕಡಾ 1ಕ್ಕೂ ಕಡಿಮೆ. ಮೀನು ಬಲೆಗೆ ಬಿದ್ದು ಒದ್ದಾಡುವಾಗಲೇ ಅದರಲ್ಲಿ ಬಹುಪಾಲು ಖರ್ಚಾಗುತ್ತದೆ, ಉಳಿದಿದ್ದು ಸತ್ತ ಕೆಲವು ಗಂಟೆಗಳಲ್ಲಿ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಹೀಗಾಗಿ ಅಡುಗೆಮನೆಗೆ ಬರುವ ಹೊತ್ತಿಗೆ ಮೀನಿನಲ್ಲಿ ಇರುವುದು ನೀರು, ಪ್ರೋಟೀನ್, ಕೊಬ್ಬು ಮತ್ತು ಒಂದಿಷ್ಟು ಖನಿಜಾಂಶ. ಟ್ರೌಟ್‌ನಂತಹ ಮಾಂಸಾಹಾರಿ ಮೀನುಗಳಿಗಂತೂ ಶರ್ಕರಪಿಷ್ಟವನ್ನು ನಿಭಾಯಿಸುವ ಶಕ್ತಿಯೇ ಕಡಿಮೆ; ಗ್ಲೂಕೋಸ್ ಕೊಟ್ಟರೆ ಅವುಗಳ ರಕ್ತದ ಸಕ್ಕರೆ ಏರಿ ಬಹಳ ಹೊತ್ತು ಇಳಿಯುವುದಿಲ್ಲ. ಆ ಮಟ್ಟಿಗೆ ಅವೂ ಮಧುಮೇಹಿಗಳ ಕಷ್ಟವನ್ನು ಬಲ್ಲವೇ.

ಕೆಲವು ಪಟ್ಟಿಗಳಲ್ಲಿ ಹಸಿ ಮೀನಿಗೂ 0.3 ಅಥವಾ 0.5 ಗ್ರಾಂ ಎಂಬ ಅಂಕಿ ಕಾಣಿಸಬಹುದು. ಅದಕ್ಕೆ ಲೆಕ್ಕ ಹಾಕುವ ರೀತಿಯೇ ಬಹುಮಟ್ಟಿಗೆ ಕಾರಣ. ಪ್ರಯೋಗಾಲಯದಲ್ಲಿ ನೀರು, ಪ್ರೋಟೀನ್, ಕೊಬ್ಬು, ಬೂದಿ (ಸುಟ್ಟ ಮೇಲೆ ಉಳಿಯುವ ಖನಿಜಾಂಶ) ಈ ನಾಲ್ಕನ್ನು ಅಳೆದು, ಅವುಗಳ ಮೊತ್ತವನ್ನು 100ರಿಂದ ಕಳೆದು, ಉಳಿದುದನ್ನು ಶರ್ಕರಪಿಷ್ಟ ಎಂದು ಬರೆಯುವ ಪದ್ಧತಿ ಬಹುಕಾಲದಿಂದ ಇದೆ. ನಾಲ್ಕೂ ಅಳತೆಗಳಲ್ಲಿ ಆದ ಚಿಕ್ಕಪುಟ್ಟ ವ್ಯತ್ಯಾಸಗಳೆಲ್ಲ ಕೊನೆಗೆ ಈ ಒಂದು ಸಾಲಿನಲ್ಲಿಯೇ ಬಂದು ಕೂರುತ್ತವೆ. ಅನ್ನದಂತಹ ಪದಾರ್ಥದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಮೀನಿನಲ್ಲಿ ಮಾತ್ರ ಇಲ್ಲದ್ದು ಇದ್ದಂತೆ ತೋರುತ್ತದೆ.

ಇನ್ನು ಕರಿದ ಮೀನಿನ ಅಂಕಿಗಳು. ಅಮೆರಿಕದ ಕೃಷಿ ಇಲಾಖೆಯ ಪೋಷಕಾಂಶ ಕೋಷ್ಟಕದಲ್ಲಿ ಹಿಟ್ಟಿನಲ್ಲಿ ಹೊರಳಿಸಿ ಕರಿದ ಕ್ಯಾಟ್‌ಫಿಶ್‌ಗೆ 100 ಗ್ರಾಂಗೆ ಸುಮಾರು 8 ಗ್ರಾಂ ಶರ್ಕರಪಿಷ್ಟವಿದೆ. ಕಲಸಿದ ಹಿಟ್ಟಿನಲ್ಲಿ ಅದ್ದಿಯೋ ಬ್ರೆಡ್ ಪುಡಿ ಮೆತ್ತಿಯೋ ಕರಿದು ಮಾರುವ ಮೀನಿನ ಹೋಳಿಗೆ ಸುಮಾರು 17 ಗ್ರಾಂ ಇದೆ. ಬ್ರೆಡ್ ಪುಡಿ ಮೆತ್ತಿ ಮಾರುವ ಬೆರಳುದ್ದದ ಮೀನಿನ ಕಡ್ಡಿಗಳಿಗೆ 20 ಗ್ರಾಂ ದಾಟುತ್ತದೆ. ತಮಗೆ ಸಿಕ್ಕ 8 ಮತ್ತು 17 ಬಹುಶಃ ಇಲ್ಲಿಂದಲೇ ಬಂದವು. ಯಾವ ಹಿಟ್ಟನ್ನೂ ಮುಟ್ಟಿಸದೆ, ಉಪ್ಪು ಹಚ್ಚಿ ಎಣ್ಣೆಗೆ ಬಿಟ್ಟ ಮೀನಿನದು ಸೊನ್ನೆಯೇ. ಕರಿಯುವಾಗ ನೀರು ಆವಿಯಾಗಿ ಮೀನಿನ ಪ್ರೋಟೀನ್ ಅಂಶ ಸಾಂದ್ರವಾಗುತ್ತದೆ ನಿಜ. ಆದರೆ ಸೊನ್ನೆಯನ್ನು ಎಷ್ಟು ಬತ್ತಿಸಿದರೂ ಸೊನ್ನೆಯೇ ತಾನೆ.

ಆದ್ದರಿಂದ ಪಟ್ಟಿಯನ್ನು ನೋಡುವಾಗ 'ಕರಿದ' ಎಂಬ ಪದವನ್ನು ಬಿಟ್ಟು, ಅದರ ಹಿಂದೆ ಯಾವ ಹೊದಿಕೆಯ ಹೆಸರಿದೆ ಎಂದು ಹುಡುಕಿರಿ. ಹೊದಿಕೆಯ ಹೆಸರೇ ಇಲ್ಲದಿದ್ದರೆ ಆ ಅಂಕಿಯಿಂದ ತಮಗೆ ಉಪಯೋಗವಿಲ್ಲ.

ಪ್ರಶ್ನೆ: ನಾವು ಮನೆಯಲ್ಲಿ ಮಾಡುವ ಮೀನಿನ ಲೆಕ್ಕ ಯಾವ ಪಟ್ಟಿಯಲ್ಲಿಯೂ ಸಿಗುವುದಿಲ್ಲ. ಒಂದು ತುಂಡಿನಲ್ಲಿ ಎಷ್ಟು ಶರ್ಕರಪಿಷ್ಟವಿದೆ ಎಂದು ನಾವೇ ಕಂಡುಕೊಳ್ಳಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ, ಮತ್ತು ಅಚ್ಚಾದ ಪಟ್ಟಿಗಿಂತ ಅದೇ ಹೆಚ್ಚು ನಂಬಿಕೆಗೆ ಅರ್ಹ. ಬೇಕಾದುದು ಗ್ರಾಂ ತೋರಿಸುವ ಒಂದು ಅಡುಗೆ ತಕ್ಕಡಿ ಮಾತ್ರ. ಅಳೆಯಬೇಕಾದದ್ದು ಮೀನನ್ನಲ್ಲ, ಹಿಟ್ಟಿನ ತಟ್ಟೆಯನ್ನು.

ಈ ಉತ್ತರ ಬರೆಯುವ ಮೊದಲು ನಾನೂ ಹಾಗೆಯೇ ಮಾಡಿ ನೋಡಿದೆ. ತಟ್ಟೆಯೊಂದರಲ್ಲಿ 80 ಗ್ರಾಂ ಅಕ್ಕಿ ಹಿಟ್ಟು ಹಾಕಿಕೊಂಡು, ಆರು ತುಂಡು ಮೀನನ್ನು ಒಂದೊಂದಾಗಿ ಅದರಲ್ಲಿ ಹೊರಳಿಸಿ, ಸಡಿಲವಾಗಿ ಅಂಟಿದ ಹಿಟ್ಟನ್ನು ತಟ್ಟೆಯ ಮೇಲೆಯೇ ಕೊಡವಿ, ಕಾದ ಎಣ್ಣೆಗೆ ಬಿಟ್ಟೆ. ಕೊನೆಯಲ್ಲಿ ತಟ್ಟೆಯಲ್ಲಿ ಉಳಿದದ್ದು 46 ಗ್ರಾಂ. ಅಂದರೆ ಮೀನಿನ ಜೊತೆ ಹೋದದ್ದು 34 ಗ್ರಾಂ. ಅಕ್ಕಿ ಹಿಟ್ಟಿನಲ್ಲಿ 100ಕ್ಕೆ 80 ಗ್ರಾಂನಷ್ಟು ಶರ್ಕರಪಿಷ್ಟವಿರುವುದರಿಂದ 34 ಗ್ರಾಂ ಹಿಟ್ಟಿಗೆ 27 ಗ್ರಾಂ ಆಯಿತು. ಅದನ್ನು ಆರು ತುಂಡಿಗೆ ಹಂಚಿದರೆ ಒಂದೊಂದಕ್ಕೆ ನಾಲ್ಕೂವರೆ ಗ್ರಾಂ. ಕರಿದ ಆರೂ ತುಂಡುಗಳು ಸೇರಿ 400 ಗ್ರಾಂ ತೂಗಿದವು. ಹಾಗಾಗಿ 100 ಗ್ರಾಂಗೆ ಏಳು ಗ್ರಾಂಗಿಂತ ತುಸು ಕಡಿಮೆ. ಕೋಷ್ಟಕದ 8ಕ್ಕೆ ಇದು ದೂರವೇನಲ್ಲ.

ಈ ಅಳತೆಯಲ್ಲಿ ಎರಡು ಸಣ್ಣ ತಪ್ಪುಗಳು ನುಸುಳುತ್ತವೆ ಎಂಬುದನ್ನು ಮುಚ್ಚಿಡಬಾರದು. ಮೀನಿನ ತೇವವನ್ನು ಹೀರಿ ತಟ್ಟೆಯಲ್ಲಿ ಉಳಿದ ಹಿಟ್ಟು ಅಲ್ಲಲ್ಲಿ ಗಂಟು ಕಟ್ಟಿರುತ್ತದೆ. ಆ ನೀರಿನ ತೂಕವೂ ಹಿಟ್ಟಿನ ಲೆಕ್ಕಕ್ಕೆ ಸೇರಿ, ಮೀನಿಗೆ ಹೋದ ಹಿಟ್ಟು ಇದ್ದುದಕ್ಕಿಂತ ಕಡಿಮೆ ಎಂದು ತೋರುತ್ತದೆ. ಇತ್ತ ಎಣ್ಣೆಯಲ್ಲಿ ಉದುರಿ ಬಾಣಲೆಯ ತಳದಲ್ಲಿ ಕಪ್ಪಾಗುವ ಪುಡಿಯನ್ನು ನಾವು ತಿನ್ನುವುದಿಲ್ಲ. ಅದರಿಂದ ನಿಜವಾದ ಪ್ರಮಾಣ ಸ್ವಲ್ಪ ತಗ್ಗುತ್ತದೆ. ಒಂದು ತಪ್ಪು ಮೇಲಕ್ಕೆ, ಒಂದು ಕೆಳಕ್ಕೆ ಎಳೆಯುವುದರಿಂದ ದಿನನಿತ್ಯದ ಬಳಕೆಗೆ ಈ ಲೆಕ್ಕ ಸಾಕು. ಮೀನನ್ನು ಮೊದಲೇ ಬಟ್ಟೆಯಿಂದ ಒತ್ತಿ ತೇವ ಆರಿಸಿದರೆ ಹಿಟ್ಟು ಅಂಟುವುದೂ ಕಡಿಮೆ, ಅಳತೆಯ ತಪ್ಪೂ ಕಡಿಮೆ.

ನೀರು ಸೇರಿಸಿ ಕಲಸಿದ ಹಿಟ್ಟಿನಲ್ಲಿ ಅದ್ದುವುದಾದರೆ ಲೆಕ್ಕದ ಹಾದಿ ಬೇರೆ. 100 ಗ್ರಾಂ ಮೈದಾಕ್ಕೆ 150 ಗ್ರಾಂ ನೀರು ಹಾಕಿ ಕಲಸಿದಿರಿ ಎಂದುಕೊಳ್ಳೋಣ. ಒಟ್ಟು 250 ಗ್ರಾಂನಲ್ಲಿ ಮೈದಾದ 76 ಗ್ರಾಂ ಶರ್ಕರಪಿಷ್ಟವಿದೆ. ಅಂದರೆ ಕಲಸಿದ ಹಿಟ್ಟಿನ ಪ್ರತಿ 100 ಗ್ರಾಂಗೆ ಸುಮಾರು 30 ಗ್ರಾಂ. ಪಾತ್ರೆಯನ್ನು ಅದ್ದುವ ಮೊದಲೊಮ್ಮೆ, ಅದ್ದಿ ಮುಗಿದ ಮೇಲೊಮ್ಮೆ ತೂಗಿ. ನಾಲ್ಕು ತುಂಡುಗಳು 130 ಗ್ರಾಂ ಹಿಟ್ಟನ್ನು ಹೊತ್ತು ಹೋಗಿದ್ದರೆ ಅವುಗಳ ಮೈಮೇಲಿರುವುದು ಹತ್ತಿರ ಹತ್ತಿರ 40 ಗ್ರಾಂ, ಒಂದು ತುಂಡಿಗೆ 10 ಗ್ರಾಂ. ಹೊರಳಿಸಿದ ತುಂಡಿನ ಎರಡರಷ್ಟಕ್ಕಿಂತ ಇದು ಹೆಚ್ಚು. ಶರ್ಕರಪಿಷ್ಟವನ್ನು ಎಣಿಸಿ ಉಣ್ಣುವವರು ಸಾಮಾನ್ಯವಾಗಿ 15 ಗ್ರಾಂ ಅನ್ನು ಒಂದು ಪಾಲು ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಹೊರಳಿಸಿದ ಮೂರು ತುಂಡೂ ಅದ್ದಿದ ಒಂದೂವರೆ ತುಂಡೂ ಹೆಚ್ಚುಕಡಿಮೆ ಸಮ.

ಒಂದೇ ಬಗೆಯಲ್ಲಿ ಮೂರು ನಾಲ್ಕು ಸಲ ತೂಗಿ ಬರೆದಿಟ್ಟುಕೊಂಡರೆ ಸಾಕು. ನಮ್ಮ ಕೈಯ ಹದ ಅಷ್ಟು ಬೇಗ ಬದಲಾಗುವುದಿಲ್ಲವಾದ್ದರಿಂದ, ಆಮೇಲೆ ಪ್ರತಿ ಸಲವೂ ತಕ್ಕಡಿ ಹೊರತೆಗೆಯಬೇಕಾಗಿಲ್ಲ.

ಪ್ರಶ್ನೆ: ಎಣ್ಣೆಯಲ್ಲಿ ಕರಿಯುವುದರಿಂದ ಶರ್ಕರಪಿಷ್ಟ ಹೆಚ್ಚುತ್ತದೆಯೇ? ಬಿಸಿಗಾಳಿಯ ಏರ್ ಫ್ರೈಯರ್ ಬಳಸಿದರೆ ಕಡಿಮೆಯಾಗುತ್ತದೆಯೇ?

ಉತ್ತರ: ಎರಡೂ ಇಲ್ಲ. ಅಡುಗೆ ಎಣ್ಣೆ ಪೂರ್ತಿ ಕೊಬ್ಬು. ಅದರಲ್ಲಿ ಶರ್ಕರಪಿಷ್ಟ ಕಿಂಚಿತ್ತೂ ಇಲ್ಲ. ಎಣ್ಣೆಯಿಂದ ಏರುವುದು ಕ್ಯಾಲೊರಿ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4. ಏರ್ ಫ್ರೈಯರ್‌ನಿಂದ ಎಣ್ಣೆ ಉಳಿಯುತ್ತದೆ, ಅದು ಸಣ್ಣ ಲಾಭವೇನಲ್ಲ. ಆದರೆ ಮೀನಿಗೆ ಮೆತ್ತಿದ 10 ಗ್ರಾಂ ಪಿಷ್ಟ ಅಲ್ಲಿಯೂ 10 ಗ್ರಾಂ ಆಗಿಯೇ ಹೊರಬರುತ್ತದೆ.

ಆದರೆ ಹಿಟ್ಟಿಗೂ ಎಣ್ಣೆಗೂ ಒಂದು ನಂಟಿದೆ. 170ರಿಂದ 190 ಡಿಗ್ರಿ ಸೆಲ್ಸಿಯಸ್ ಬಿಸಿಯ ಎಣ್ಣೆಗೆ ಬಿದ್ದೊಡನೆ ಹೊದಿಕೆಯಲ್ಲಿನ ನೀರು ಗುಳ್ಳೆಗಳಾಗಿ ಹೊರನುಗ್ಗುತ್ತದೆ, ಮತ್ತು ಅದು ಹೊರಟ ಜಾಗವೆಲ್ಲ ಸಣ್ಣ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ. ಮೀನನ್ನು ಎತ್ತಿ ಹೊರಗಿಟ್ಟಾಗ ಒಳಗೆ ಉಳಿದ ಆವಿ ತಣಿದು ಕುಗ್ಗುವುದರಿಂದ ಮೇಲ್ಮೈಗೆ ಅಂಟಿಕೊಂಡಿದ್ದ ಎಣ್ಣೆ ಆ ರಂಧ್ರಗಳೊಳಕ್ಕೆ ಎಳೆಯಲ್ಪಡುತ್ತದೆ. ಎಣ್ಣೆಯ ದೊಡ್ಡ ಪಾಲು ಹೀಗೆ ಬಾಣಲೆಯಿಂದ ಹೊರಬಂದ ನಂತರವೇ ಒಳಸೇರುತ್ತದೆ. ಆದ್ದರಿಂದ ಎತ್ತಿದ ತಕ್ಷಣ, ತಣಿಯುವುದಕ್ಕೆ ಬಿಡದೆ, ಕಾಗದದ ಮೇಲಿಟ್ಟು ಒತ್ತಿದರೆ ಪ್ರಯೋಜನ ಹೆಚ್ಚು. ದಪ್ಪ ಹೊದಿಕೆಯಿದ್ದಷ್ಟೂ ಪಿಷ್ಟವೂ ಹೆಚ್ಚು, ಎಣ್ಣೆ ಕೂರುವ ಜಾಗವೂ ಹೆಚ್ಚು.

ಪ್ರಶ್ನೆ: ಮೈದಾ, ಅಕ್ಕಿ ಹಿಟ್ಟು, ರವೆ, ಕಡಲೆ ಹಿಟ್ಟು, ಕಾರ್ನ್‌ಫ್ಲೋರ್ ಇವುಗಳಲ್ಲಿ ಯಾವುದನ್ನು ಬಳಸಿದರೆ ಶರ್ಕರಪಿಷ್ಟ ಕಡಿಮೆ?

ಉತ್ತರ: 100 ಗ್ರಾಂಗೆ ರವೆಯಲ್ಲಿ ಸುಮಾರು 73, ಮೈದಾದಲ್ಲಿ 76, ಅಕ್ಕಿ ಹಿಟ್ಟಿನಲ್ಲಿ 80, ಕಾರ್ನ್‌ಫ್ಲೋರ್ ಎಂದು ನಾವು ಕರೆಯುವ ಮೆಕ್ಕೆಜೋಳದ ಪಿಷ್ಟದಲ್ಲಿ 91 ಗ್ರಾಂ. ಕಡಲೆ ಹಿಟ್ಟಿನಲ್ಲಿ 58, ಅದರಲ್ಲಿಯೂ 11 ಗ್ರಾಂನಷ್ಟು ಜೀರ್ಣವಾಗದ ನಾರು. ಅಂಕಿಗಳನ್ನಷ್ಟೇ ನೋಡಿದರೆ ಕಡಲೆ ಹಿಟ್ಟು ಗೆಲ್ಲುತ್ತದೆ. ಬಾದಾಮಿ ಪುಡಿಯಲ್ಲಿ ಇನ್ನೂ ಕಡಿಮೆ, 20 ಗ್ರಾಂ ಸುತ್ತಮುತ್ತ. ಆದರೆ ಅದು ಬೇಗ ಸೀಯುತ್ತದೆ, ಉರಿ ಸಣ್ಣದಿರಬೇಕು.

ಆದರೂ ಯಾವ ಹಿಟ್ಟು ಎಂಬ ಪ್ರಶ್ನೆಗೆ ನಾವು ಕೊಡುವ ಮಹತ್ವ ಅದರ ಯೋಗ್ಯತೆಗಿಂತ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಮೈದಾ ಬಿಟ್ಟು ರವೆ ಹಿಡಿದರೆ 30 ಗ್ರಾಂ ಹಿಟ್ಟಿನಲ್ಲಿ ಉಳಿತಾಯವಾಗುವ ಶರ್ಕರಪಿಷ್ಟ ಒಂದು ಗ್ರಾಂ ಕೂಡ ಇಲ್ಲ. ಎಷ್ಟು ಹಿಟ್ಟು ಅಂಟುತ್ತದೆ ಎಂಬುದರಲ್ಲಿ ಮಾತ್ರ ಎರಡು ಮೂರು ಪಟ್ಟು ವ್ಯತ್ಯಾಸವಾಗಬಹುದು, ಮತ್ತು ಅದನ್ನು ನಿರ್ಧರಿಸುವುದು ತೆಳುವಾಗಿ ಉದುರಿಸಿದಿರೋ, ಹೊರಳಿಸಿದಿರೋ, ಅದ್ದಿದಿರೋ ಎಂಬುದು. ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿ ಎಂದು ಮೂರು ಹಂತದಲ್ಲಿ ಮೆತ್ತುವ ಕ್ರಮ ಎಲ್ಲಕ್ಕಿಂತ ಭಾರ, ಏಕೆಂದರೆ ಅಲ್ಲಿ ಪಿಷ್ಟದ ಪದರ ಎರಡು. ಮೊಟ್ಟೆಯದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ, ಒಂದು ಮೊಟ್ಟೆಯಲ್ಲಿ ಅರ್ಧ ಗ್ರಾಂ ಕೂಡ ಇರುವುದಿಲ್ಲ.

ತುಂಡಿನ ಗಾತ್ರವೂ ಇಲ್ಲಿ ಆಟವಾಡುತ್ತದೆ, ಆದರೆ ಅದನ್ನು ಯಾರೂ ಗಮನಿಸುವುದಿಲ್ಲ. ಹಿಟ್ಟು ಅಂಟುವುದು ಮೇಲ್ಮೈಗೆ. ದಪ್ಪ ತುಂಡೊಂದನ್ನು ಮಧ್ಯಕ್ಕೆ ಸೀಳಿದರೆ ಮೀನಿನ ತೂಕ ಅಷ್ಟೇ ಇರುತ್ತದೆ, ಆದರೆ ಹಿಟ್ಟು ಹಿಡಿಯುವ ಎರಡು ಹೊಸ ಮುಖಗಳು ಹುಟ್ಟಿಕೊಳ್ಳುತ್ತವೆ. ಬೆರಳು ಗಾತ್ರದ ಮೀನುಗಳನ್ನು ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದರೆ, ಅಷ್ಟೇ ತೂಕದ ಒಂದು ದೊಡ್ಡ ತುಂಡಿಗಿಂತ ಬಹಳ ಹೆಚ್ಚು ಹಿಟ್ಟು ಹೊಟ್ಟೆಗೆ ಹೋಗುತ್ತದೆ. ಮೀನಿನ ಕಡ್ಡಿಗಳಲ್ಲಿ ಶರ್ಕರಪಿಷ್ಟ 20 ಗ್ರಾಂ ದಾಟಲು ಅವುಗಳ ಸಣ್ಣ ಗಾತ್ರವೂ ಒಂದು ಕಾರಣ. ಶರ್ಕರಪಿಷ್ಟ ತಗ್ಗಬೇಕಾದರೆ ಹಿಟ್ಟು ಬದಲಿಸುವುದಕ್ಕಿಂತ ತುಂಡನ್ನು ದಪ್ಪಗೆ ಕೊಯ್ಯುವುದು ಮೇಲು.

ಪ್ರಶ್ನೆ: ಸಿಗಡಿ, ಕಪ್ಪೆಚಿಪ್ಪು ಇತ್ಯಾದಿಗಳಿಗೂ ಇದೇ ಮಾತು ಸಲ್ಲುತ್ತದೆಯೇ?

ಉತ್ತರ: ಸಿಗಡಿಗೆ ಬಹುಮಟ್ಟಿಗೆ ಸಲ್ಲುತ್ತದೆ, ಹಸಿ ಸಿಗಡಿಯಲ್ಲಿ ಒಂದು ಗ್ರಾಂ ಒಳಗೇ. ಚಿಪ್ಪಿನ ಜೀವಿಗಳ ಕತೆ ಬೇರೆ. ಕಪ್ಪೆಚಿಪ್ಪು, ಆಯ್ಸ್ಟರ್ ಎಂಬ ಸಿಂಪಿ, ಸ್ಕ್ಯಾಲಪ್ ಇವು ಗ್ಲೈಕೋಜನ್ ಅನ್ನು ಮೀನಿಗಿಂತ ಧಾರಾಳವಾಗಿ ಕೂಡಿಡುತ್ತವೆ. ಹಸಿ ಕಪ್ಪೆಚಿಪ್ಪಿನಲ್ಲಿ 100 ಗ್ರಾಂಗೆ 3ರಿಂದ 4 ಗ್ರಾಂ, ಸಿಂಪಿಯ ಕೆಲವು ಜಾತಿಗಳಲ್ಲಿ 5 ಗ್ರಾಂನಷ್ಟು ಇರುತ್ತದೆ. ಸ್ಕ್ವಿಡ್‌ನಲ್ಲಿಯೂ ಸುಮಾರು 3 ಗ್ರಾಂ. ಹಿಟ್ಟು ಮೆತ್ತಿ ಕರಿದಾಗ ಸಿಗಡಿ, ಸಿಂಪಿ ಎರಡೂ 11–12 ಗ್ರಾಂ ಆಸುಪಾಸಿಗೆ ಬರುತ್ತವೆ. ಸಿಗಡಿಯಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಹಿಟ್ಟಿನದು, ಸಿಂಪಿಯಲ್ಲಿ ಒಂದು ಪಾಲು ಅದರದ್ದೇ.

ಎಚ್ಚರ ಬೇಕಾದದ್ದು ಏಡಿಯ ಮಾಂಸವೆಂಬಂತೆ ಕೆಂಪು ಬಣ್ಣ ಬಳಿದು ಮಾರುವ ಕಡ್ಡಿಗಳ ವಿಷಯದಲ್ಲಿ. ಅದು ಮೀನನ್ನು ಅರೆದು, ಪಿಷ್ಟ ಮತ್ತು ಸಕ್ಕರೆ ಸೇರಿಸಿ ಮಾಡಿದ ಸುರಿಮಿ. ಹೊರಗೆ ಯಾವ ಹಿಟ್ಟೂ ಕಾಣುವುದಿಲ್ಲ, ಆದರೂ 100 ಗ್ರಾಂಗೆ ಸುಮಾರು 15 ಗ್ರಾಂ ಶರ್ಕರಪಿಷ್ಟ ಒಳಗೇ ಅಡಗಿದೆ. ಹೊದಿಕೆಯನ್ನು ನೋಡಿ ಅಳೆಯುವ ನನ್ನ ಸೂತ್ರ ಇಲ್ಲಿ ಕೈಕೊಡುತ್ತದೆ. ಪೊಟ್ಟಣದ ಹಿಂಬದಿಯನ್ನು ಓದುವುದೊಂದೇ ದಾರಿ.

ಪ್ರಶ್ನೆ: ಹಿಟ್ಟಿನಲ್ಲಿ ಅದ್ದಿ ಕರಿದ ಮೀನು ತಿಂದ ಎರಡು ಗಂಟೆಯ ನಂತರ ಪರೀಕ್ಷಿಸಿದಾಗ ರಕ್ತದ ಸಕ್ಕರೆ ಸರಿಯಾಗಿತ್ತು. ನಾಲ್ಕು ಗಂಟೆಯ ನಂತರ ಸಂಶಯ ಬಂದು ನೋಡಿದರೆ ಏರಿತ್ತು. ಯಂತ್ರ ಕೆಟ್ಟಿರಬಹುದೇ?

ಉತ್ತರ: ಯಂತ್ರವನ್ನು ದೂರುವ ಮೊದಲು ಎಣ್ಣೆಯ ಕಡೆ ನೋಡಬೇಕು. ಊಟದಲ್ಲಿ ಕೊಬ್ಬು ಹೆಚ್ಚಿದ್ದಾಗ ಹೊಟ್ಟೆ ತನ್ನಲ್ಲಿರುವುದನ್ನು ಕರುಳಿಗೆ ನಿಧಾನವಾಗಿ ಬಿಡುತ್ತದೆ. ಹೀಗಾಗಿ ಹೊದಿಕೆಯ ಪಿಷ್ಟ ಗ್ಲೂಕೋಸ್ ಆಗಿ ರಕ್ತ ಸೇರುವುದೂ ತಡವಾಗುತ್ತದೆ, ಮತ್ತು ಏರಿಕೆ ತಾವು ಕಾಯುತ್ತಿದ್ದ ಎರಡು ಗಂಟೆಯ ಗಡಿಯನ್ನು ದಾಟಿ ಆಮೇಲೆ ಕಾಣಿಸಿಕೊಳ್ಳುತ್ತದೆ. ಮೀನಿನ ಪ್ರೋಟೀನ್ ಕೂಡ ತಡವಾಗಿ, ಅಲ್ಪ ಪ್ರಮಾಣದಲ್ಲಿ ಇದಕ್ಕೆ ಕೈಜೋಡಿಸಬಹುದು. ಇಲ್ಲಿ ಶರ್ಕರಪಿಷ್ಟದ ಪ್ರಮಾಣ ಬದಲಾಗಿಲ್ಲ, ಅದು ಬಂದು ಸೇರುವ ವೇಳೆ ಮಾತ್ರ ಬದಲಾಗಿದೆ.

ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಮುಖ್ಯ ಸಂಗತಿ: ಔಷಧ ಮೊದಲು ಬಂದು, ಗ್ಲೂಕೋಸ್ ಆಮೇಲೆ ಬಂದರೆ, ಆರಂಭದಲ್ಲಿ ಸಕ್ಕರೆ ತೀರಾ ಇಳಿದು ಕೊನೆಯಲ್ಲಿ ಏರುವ ಸಂಭವವಿದೆ. ಪ್ರಮಾಣವನ್ನಾಗಲಿ ವೇಳೆಯನ್ನಾಗಲಿ ತಾವಾಗಿಯೇ ಬದಲಿಸದೆ, ಅಂಥ ಊಟದ ದಿನ ಎರಡು, ಮೂರು, ನಾಲ್ಕನೆಯ ಗಂಟೆಗಳ ಅಂಕಿಗಳನ್ನೂ ತಟ್ಟೆಯಲ್ಲಿ ಏನೇನಿತ್ತು ಎಂಬುದನ್ನೂ ಬರೆದು ವೈದ್ಯರಿಗೆ ತೋರಿಸಿ. ತಾವು ಪತ್ರದಲ್ಲಿ ಮೀನನ್ನು ಮಾತ್ರ ಹೆಸರಿಸಿದ್ದೀರಿ. ಅದರ ಜೊತೆ ತಿಂದ ಅನ್ನ, ಬ್ರೆಡ್ ಅಥವಾ ಆಲೂಗಡ್ಡೆಯ ಪಾಲು ಮೀನಿನ ಹೊದಿಕೆಗಿಂತ ದೊಡ್ಡದಿದ್ದಿರಬಹುದು.

ಪ್ರಶ್ನೆ: ಹೊದಿಕೆಯನ್ನು ಸುಲಿದು ತೆಗೆದು ಒಳಗಿನ ಮೀನನ್ನು ಮಾತ್ರ ತಿಂದರೆ?

ಉತ್ತರ: ಶರ್ಕರಪಿಷ್ಟ ಬಹುತೇಕ ಸೊನ್ನೆಗೆ ಇಳಿಯುತ್ತದೆ. ಹೀರಿದ ಎಣ್ಣೆಯ ದೊಡ್ಡ ಪಾಲೂ ಹೊದಿಕೆಯಲ್ಲಿಯೇ ಇರುವುದರಿಂದ ಅದೂ ಹೋಗುತ್ತದೆ. ಬ್ರೆಡ್ ಪುಡಿಯ ಹೊದಿಕೆ ಸುಲಭವಾಗಿ ಕಳಚುತ್ತದೆ. ತೆಳುವಾಗಿ ಹೊರಳಿಸಿದ ಹಿಟ್ಟು ಚರ್ಮಕ್ಕೆ ಕಚ್ಚಿಕೊಂಡಿರುತ್ತದೆ, ಚರ್ಮದ ಸಮೇತವೇ ತೆಗೆಯಬೇಕು. ದಿನಕ್ಕೆ 20ರಿಂದ 50 ಗ್ರಾಂ ಶರ್ಕರಪಿಷ್ಟದ ಮಿತಿ ಇಟ್ಟುಕೊಂಡು ಕೀಟೋ ಕ್ರಮ ಪಾಲಿಸುವವರು ಹೊರಗಡೆ ಊಟ ಮಾಡಬೇಕಾದಾಗ ಹೀಗೆ ಮಾಡುವುದುಂಟು. ಮನೆಯಲ್ಲಾದರೆ, ಬಿಸಾಡುವುದಕ್ಕೆಂದೇ ಹಿಟ್ಟು ಮೆತ್ತುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ನಾನು ಹಿಟ್ಟನ್ನು ಬಳಸುವುದೇ ಇಲ್ಲ, ಮಸಾಲೆ ಹಚ್ಚಿ ಕರಿಯುತ್ತೇನೆ. ಆದರೆ ಅರಿಶಿನದಲ್ಲಿ 100 ಗ್ರಾಂಗೆ 67 ಗ್ರಾಂ ಶರ್ಕರಪಿಷ್ಟವಿದೆ ಎಂದು ಓದಿ ಗಾಬರಿಯಾಗಿದೆ. ಆರು ತುಂಡು ಮೀನಿಗೆ ನಾನು ಹಾಕುವುದು: ಒಂದು ಟೀ ಚಮಚ ಅರಿಶಿನ, ಎರಡು ಟೀ ಚಮಚ ಮೆಣಸಿನ ಪುಡಿ, ಒಂದು ದೊಡ್ಡ ಚಮಚ ಶುಂಠಿ–ಬೆಳ್ಳುಳ್ಳಿ ಪೇಸ್ಟ್, ಒಂದು ದೊಡ್ಡ ಚಮಚ ನಿಂಬೆರಸ, ಉಪ್ಪು, ಮಸಾಲೆ ಬಿಡದಂತೆ ಹಿಡಿಯಲು ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್.

ಉತ್ತರ: ಅರಿಶಿನದ ಅಂಕಿ ಸರಿಯಾದದ್ದೇ, ಆದರೆ ಯಾರೂ 100 ಗ್ರಾಂ ಅರಿಶಿನ ತಿನ್ನುವುದಿಲ್ಲ. ಒಂದು ಟೀ ಚಮಚವೆಂದರೆ ಸುಮಾರು 3 ಗ್ರಾಂ. ಅದರಲ್ಲಿ 2 ಗ್ರಾಂ ಶರ್ಕರಪಿಷ್ಟ, ಆ ಎರಡರಲ್ಲಿ ಮೂರನೆಯ ಒಂದು ಭಾಗ ಜೀರ್ಣವಾಗದ ನಾರು. ಮೆಣಸಿನ ಪುಡಿಯಿಂದ ಇನ್ನೊಂದು 2–3 ಗ್ರಾಂ, ಅದರಲ್ಲಿಯೂ ಅರ್ಧದಷ್ಟು ನಾರೇ. ಶುಂಠಿ–ಬೆಳ್ಳುಳ್ಳಿ ಪೇಸ್ಟ್‌ನಿಂದ 3–4 ಗ್ರಾಂ, ನಿಂಬೆರಸದಿಂದ ಒಂದು ಗ್ರಾಂ. ಎಲ್ಲ ಕೂಡಿದರೆ ಹೆಚ್ಚೆಂದರೆ 10 ಗ್ರಾಂ. ಇದನ್ನು ಆರು ತುಂಡಿಗೆ ಹಂಚಿದಾಗ ಒಂದಕ್ಕೆ ಒಂದೂವರೆ ಗ್ರಾಂ ಸುಮಾರು, ಅದೂ ಬಟ್ಟಲಿಗೆ ಅಂಟಿ ಉಳಿಯುವ ಮಸಾಲೆಯನ್ನು ಕಳೆಯದೆ. ಇದಕ್ಕೆ ಗಾಬರಿ ಬೇಡ.

ಹಿಟ್ಟು ಬಳಸುವುದೇ ಇಲ್ಲ ಎಂದಿದ್ದೀರಿ. ತಮ್ಮ ಪಟ್ಟಿಯ ಕೊನೆಯಲ್ಲಿರುವ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸುಮಾರು 16 ಗ್ರಾಂ ತೂಗುತ್ತದೆ, ಅದರಲ್ಲಿ 14 ಗ್ರಾಂಗೂ ಮೀರಿ ಶರ್ಕರಪಿಷ್ಟವೇ. ಉಳಿದ ಮಸಾಲೆಯೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಒಂದು ಮೊಟ್ಟೆಯ ಬಿಳಿಯನ್ನು ಮಸಾಲೆಗೆ ಕಲಸಿ, ಮೀನಿಗೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಎಣ್ಣೆ ಚೆನ್ನಾಗಿ ಕಾದ ಮೇಲೆ ಬಿಟ್ಟು ನೋಡಿ. ಮಸಾಲೆ ಬಿಡದೆ ಹಿಡಿದುಕೊಳ್ಳಲು ಅಷ್ಟು ಸಾಕು.